ಗೆರೆಯ ಮೇಲೊಂದು ಬೆಣ್ಣೆಗಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ದನೆಯ ಶೆಡ್ಡಿನೊಳಗೆ ಮೂವರು ಸೇರಿ ಹೊಚ್ಚಹೊಸ ಕಾರೊಂದನ್ನು ತಳ್ಳುತ್ತಿದ್ದಾರೆ. ಬ್ಯಾಟರಿ ಕೈಕೊಟ್ಟ ಹಳೇ ಗಾಡಿಯನ್ನು ರಸ್ತೆಬದಿಗೆ ಸಾಗಿಸುವವರ ಹಾಗೆ, ಡಿಕ್ಕಿಗೆ ಅಂಗೈ ಊರಿಕೊಂಡು, ಉಸಿರು ಬಿಗಿಹಿಡಿದು. ಇಬ್ಬರು ಗಂಡಸರು, ಒಬ್ಬರು ಹೆಂಗಸು. ಹೆಂಗಸಿಗೆ ಐವತ್ತರ ಆಸುಪಾಸು. ಕೂದಲು ಬಿಗಿಯಾದ ಗಂಟು, ಕಾಲಿಗೆ ತೆಳು ಅಡಿಯ ಬಟ್ಟೆ ಬೂಟು. "ನೋಡ್ತಾ ನಿಂತಿದ್ದೀರಲ್ಲ, ನೀವೂ ಒಂದು ಕೈ ಹಾಕಿ ಸಾರ್" ಎನ್ನುತ್ತಾರೆ ನನ್ನ ಕಡೆ ತಿರುಗಿ. ನಾನು ಹೆಗಲ ಚೀಲ ಕೆಳಗಿಟ್ಟು ಕೈ ಹಾಕುತ್ತೇನೆ.

"ಸ್ಟಾರ್ಟ್ ಆಗಲ್ವಾ ಇದು?" ಎಂದು ಕೇಳುತ್ತೇನೆ. ಹೊಸ ಕಾರಿನ ಹಣೆಬರಹವೇ ಇಷ್ಟಾದರೆ ನನ್ನ ಲೇಖನದ ಅರ್ಧ ಕೆಲಸ ಇಲ್ಲೇ ಮುಗಿದಂತೆ.

"ಆಗುತ್ತೆ. ಮಾಡಬಾರದು." ರಾತ್ರಿಯಿಡೀ ಈ ಕಾರು ಪಕ್ಕದ ಕೋಣೆಯಲ್ಲಿ ಒಂದೇ ಹದದ ತಂಪಿನಲ್ಲಿ ನಿಂತಿದೆ. ಎಂಜಿನ್ನಿಗೆ ಮೊದಲ ಕಿಡಿ ಬೀಳಬೇಕಾದ್ದು ಪರೀಕ್ಷೆಯ ಜಾಗದಲ್ಲೇ. ತಣ್ಣಗಿರುವ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಜಾಸ್ತಿ ಇಂಗಾಲ ಉಗುಳುತ್ತದೆ. ಯಾರಾದರೂ ಬೆಳಗಿನ ಜಾವ ಕಳ್ಳತನದಲ್ಲಿ ಎರಡು ನಿಮಿಷ ಬಿಸಿ ಮಾಡಿಬಿಟ್ಟರೆ ಅಂಕಿ ಕೆಳಗಿಳಿಯುತ್ತದೆ. "ಅದಕ್ಕೇ ಆ ಕೋಣೆಗೆ ಬೀಗ ಹಾಕಿದಾರೆ ಅಂತ ಯಾರು ಹೇಳಿದ್ರೂ ನಾನು ಎಳೆದು ನೋಡ್ತೀನಿ. ಬಾನೆಟ್ ಮೇಲೆ ಕೈ ಇಟ್ಟೂ ನೋಡ್ತೀನಿ" ಎನ್ನುತ್ತಾರೆ.

ಲ್ಯಾಬಿನಲ್ಲಿ ಎಲ್ಲರೂ ಇವರನ್ನು ಬೆಣ್ಣೆಗಾಲಕ್ಕ ಎಂದೇ ಕರೆಯುವುದು. ಕೆಲಸ ಕಾರು ಓಡಿಸುವುದು. ಆದರೆ ಇಷ್ಟು ವರ್ಷ ಓಡಿಸಿಯೂ ಯಾವ ಕಾರೂ ಒಂದಡಿ ಮುಂದೆ ಹೋಗಿಲ್ಲ. ನೆಲದಲ್ಲಿ ಹುದುಗಿಸಿದ ಉಕ್ಕಿನ ರೋಲರುಗಳ ಮೇಲೆ ಚಕ್ರ ನಿಲ್ಲುತ್ತದೆ, ಬೆಲ್ಟುಗಳು ಕಾರನ್ನು ನಾಲ್ಕೂ ಕಡೆ ಬಿಗಿಹಿಡಿಯುತ್ತವೆ, ಮೂತಿಯ ಎದುರು ಆಳೆತ್ತರದ ಫ್ಯಾನು ಗಾಳಿ ಬೀಸುತ್ತದೆ. ಸೈಲೆನ್ಸರಿಗೆ ಸಿಕ್ಕಿಸಿದ ದಪ್ಪ ಹೋಸು ಹೊಗೆಯನ್ನು ಎಳೆದುಕೊಂಡು ಹೋಗಿ ದೊಡ್ಡ ದೊಡ್ಡ ಚೀಲಗಳಿಗೆ ತುಂಬುತ್ತದೆ. ಆ ಚೀಲದೊಳಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಇದೆ ಎಂದು ಯಂತ್ರ ಅಳೆಯುತ್ತದೆ. ಶೋರೂಮಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಹಸಿರು ಸ್ಟಿಕ್ಕರಿನ ಮೇಲೆ "ಕಿಲೋಮೀಟರಿಗೆ ಇಷ್ಟು ಗ್ರಾಂ" ಎಂದಿರುತ್ತದಲ್ಲ, ಅದು ಹುಟ್ಟುವುದು ಇಲ್ಲಿ, ಇಂಥವರ ಬಲಗಾಲಿನಡಿ.

ಹಸಿರು ಎಂಬ ಪದ ಕೇಳಿದರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ. ಹಸಿರು ಸಿಮೆಂಟು, ಹಸಿರು ಸೋಪು, ಹಸಿರು ಬ್ಯಾಂಕು, ಎಲ್ಲವನ್ನೂ ಬರೆದು ಕೈ ಸುಟ್ಟುಕೊಂಡವನು ನಾನು. ಈ ಲ್ಯಾಬಿನ ಮುಖ್ಯಸ್ಥರು ಫೋನು ಮಾಡಿ, "ಒಳ್ಳೇ ಕಥೆ ಇದೆ, ಬನ್ನಿ. ಪರಿಸರ, ಹೆಣ್ಣುಮಗಳು, ಕಾರು, ಮೂರೂ ಒಂದೇ ಕಡೆ ಸಿಗುತ್ತೆ" ಎಂದಾಗಲೇ ಮೂಗಿಗೆ ವಾಸನೆ ಬಡಿದಿತ್ತು. ಕರೆದು ಊಟ ಹಾಕುವವರು ಬಡಿಸುವುದೇನು ಎಂದು ಮೊದಲು ಮೂಸಬೇಕಾದ ಕಾಲ ಇದು. ಒಪ್ಪಿಕೊಂಡೆ, ಹೊಗಳುವುದಕ್ಕಲ್ಲ, ಕೆದಕುವುದಕ್ಕೆ.

ಆದರೆ ಬಂದು ನೋಡಿದರೆ ಮುಖ್ಯಸ್ಥರ ಮುಖ ಹುಳ್ಳಗಾಗಿದೆ. "ಇವತ್ತು ಬೇಡವಾಗಿತ್ತು ಸಾರ್. ಮುಂದಿನ ವಾರ ಬಂದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ. ಅವರ ಪಕ್ಕದಲ್ಲಿ ಕಾರು ತಯಾರಿಸಿದ ಕಂಪನಿಯಿಂದ ಬಂದವರೊಬ್ಬರು ಕೈ ಕಟ್ಟಿಕೊಂಡು ನಿಂತಿದ್ದಾರೆ. ಯಾರಿಗೂ ನಮಸ್ಕಾರವಿಲ್ಲ, ನಗುವಿಲ್ಲ. ಬೇಡ ಎಂದ ಮೇಲೆ ಪತ್ರಕರ್ತ ಜಾಗ ಬಿಡುತ್ತಾನೆಯೇ. ನಾನು ಗಾಜಿನ ಆಚೆಯ ನಿಯಂತ್ರಣ ಕೊಠಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ವಿಷಯ ಇಷ್ಟು. ಈ ಕಾರನ್ನು ಬೆಣ್ಣೆಗಾಲಕ್ಕ ಹದಿನೈದು ದಿನದ ಹಿಂದೆ ಇದೇ ರೋಲರಿನ ಮೇಲೆ ಓಡಿಸಿದ್ದರು. ಕಿಲೋಮೀಟರಿಗೆ ನೂರು ಗ್ರಾಮಿನೊಳಗೆ ಬಂದರೆ ಹಸಿರು ಸ್ಟಿಕ್ಕರು, ದಾಟಿದರೆ ಇಲ್ಲ. ಬಂದದ್ದು ತೊಂಬತ್ತೆಂಟು. ಕಂಪನಿಯವರು ಸಿಹಿ ಹಂಚಿದರು. ಆಮೇಲೆ ಈಕೆ ಮುಖ್ಯಸ್ಥರ ಕೋಣೆಗೆ ಹೋಗಿ, "ಸಾರ್, ನಾನು ಓಡಿಸಿದ್ದನ್ನ ನಂಬಬೇಡಿ. ಇನ್ನೊಂದು ಸಲ ಓಡಿಸ್ತೀನಿ" ಎಂದುಬಿಟ್ಟರು. ಇವತ್ತು ಆ ಇನ್ನೊಂದು ಸಲ. ಅಂಕಿ ಹಿಂದಿನಷ್ಟೇ ಬಂದರೆ, ಸುಮ್ಮಸುಮ್ಮನೆ ಗೊಂದಲ ಎಬ್ಬಿಸಿದರು ಎಂದು ಕಂಪನಿ ಇವರ ಮೇಲೆ ದೂರು ಕೊಡುತ್ತದೆ. ಜಾಸ್ತಿ ಬಂದರೆ, ಇವರು ಹಿಂದೆ ಓಡಿಸಿದ ಕಾರುಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಎರಡರಲ್ಲಿ ಯಾವುದಾದರೂ ಹೋಗುವುದು ಇವರ ಸೀಟೇ.

ನನಗೆ ಹುಟ್ಟಿದ ಮೊದಲ ಅನುಮಾನವನ್ನು ಮುಚ್ಚಿಡುವುದಿಲ್ಲ. ಪತ್ರಿಕೆಯವನು ಬರುತ್ತಾನೆಂದು ತಿಳಿದೇ ಇಂಥ ಸಾಹಸ ಮಾಡಿದರೇ? ಬೆಲ್ಟು ಬಿಗಿಯುತ್ತಿದ್ದಾಗ ಹತ್ತಿರ ಹೋಗಿ ಹಾಗೆಯೇ ಕೇಳಿದೆ. ಅವರು ತಲೆ ಎತ್ತದೆ ನಕ್ಕರು. "ನೀವು ಯಾರು ಅಂತಲೇ ಗೊತ್ತಿರಲಿಲ್ಲ ಸಾರ್. ಕಾರು ತಳ್ಳೋಕೆ ಹೊಸದಾಗಿ ಯಾರನ್ನೋ ಹಾಕಿದಾರೆ ಅಂದ್ಕೊಂಡೆ. ತಳ್ಳೋದು ನೋಡಿ, ಇವರು ಬಹಳ ದಿನ ಬಾಳಲ್ಲ ಅನ್ನಿಸ್ತು."

ಕಾರು ಓಡಿಸುವ ಹುಚ್ಚು ಇವರಿಗೆ ಹಿಡಿದದ್ದು ಕಾರು ತೊಳೆಯುವ ಕೆಲಸದಲ್ಲಿ. ಬಾಡಿಗೆ ಕಾರುಗಳ ಅಂಗಳವೊಂದರಲ್ಲಿ ತೊಳೆದ ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಬೇಕಿತ್ತು. ಹೀಗೆ ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ ಓಡಿಸುತ್ತಲೇ ಕಲಿತರು. ಈ ಲ್ಯಾಬಿಗೆ ಸೇರಿದ್ದು ಕಾರು ಒರೆಸುವುದಕ್ಕೆ. ಒಂದು ದಿನ ಚಾಲಕರಿಗೆ ಜ್ವರ, ಕಾರು ರಾತ್ರಿಯಿಡೀ ತಣ್ಣಗಾಗಿ ಕಾದು ಕೂತಿದೆ. ಯಾರೋ ತಮಾಷೆಗೆ "ಅಕ್ಕನ್ನ ಕೂರಿಸಿ" ಎಂದರು. ಅಕ್ಕ ಕೂತರು. ಎದ್ದಾಗ ಯಂತ್ರದ ಮುಂದಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ. ಪೆಡಲಿನ ಮೇಲೆ ಕಾಲು ಅಷ್ಟು ಮೆತ್ತಗಿತ್ತು. ಬೆಣ್ಣೆಗಾಲು ಎಂಬ ಹೆಸರು ಅವತ್ತೇ ಅಂಟಿಕೊಂಡಿತು.

ಕೆಲಸ ಸುಲಭವೆಂದು ಕಾಣುತ್ತದೆ, ಸುತರಾಂ ಅಲ್ಲ. ಪರದೆಯ ಮೇಲೆ ಒಂದು ಗೆರೆ ಹರಿದು ಬರುತ್ತದೆ. ಅದು ಏರಿದರೆ ವೇಗ ಏರಿಸಬೇಕು, ಇಳಿದರೆ ಇಳಿಸಬೇಕು, ನೆಲ ಮುಟ್ಟಿದರೆ ಸಿಗ್ನಲ್ಲಿನಲ್ಲಿ ನಿಂತಂತೆ ನಿಲ್ಲಬೇಕು. ಗೆರೆಯ ಮೇಲೊಂದು ಕೆಳಗೊಂದು ಸಣ್ಣ ಅಂಚು. ಕಾರಿನ ವೇಗವನ್ನು ತೋರಿಸುವ ಚುಕ್ಕಿ ಆ ಎರಡು ಅಂಚಿನ ನಡುವೆಯೇ ಇರಬೇಕು. ಅರ್ಧ ಗಂಟೆ ರೆಪ್ಪೆ ಬಡಿಯುವುದಕ್ಕೂ ಲೆಕ್ಕ ಹಾಕಬೇಕು. ಬೆಳಗ್ಗೆ ಒಂದು ಕಾರು, ಮಧ್ಯಾಹ್ನ ಒಂದು, ಕೆಲವು ದಿನ ಸಂಜೆಗೆ ಇನ್ನೊಂದು. ಏಸಿ ಇಲ್ಲ, ಹಾಡಿಲ್ಲ. "ಒಂದು ಸಲ ಮುಗಿಯೋಕೆ ಇನ್ನೇನು ಸ್ವಲ್ಪ ಇದೆ ಅನ್ನೋವಾಗ ಸೀನು ಬಂತು ಸಾರ್. ತಡ್ಕೊಂಡೆ, ತಡ್ಕೊಂಡೆ, ಆಗಲಿಲ್ಲ. ಸೀನಿದ್ದು ಮೂಗು, ಒತ್ತಿದ್ದು ಕಾಲು. ಚುಕ್ಕಿ ಅಂಚಿನಾಚೆ ಹೋಯ್ತು. ಕಾರನ್ನ ಮತ್ತೆ ಒಂದು ರಾತ್ರಿ ತಣ್ಣಗೆ ಮಲಗಿಸಬೇಕಾಯ್ತು. ಆವತ್ತಿಂದ ಬೆಳಗ್ಗೆ ಮನೇಲಿ ಒಗ್ಗರಣೆ ಹಾಕಿದ್ರೆ ನಾನು ಹೊರಗೆ ನಿಂತ್ಕೋತೀನಿ."

ಇಷ್ಟೆಲ್ಲ ಹುಷಾರಾಗಿರುವ ಹೆಂಗಸಿಗೆ ತನ್ನ ಮೇಲೇ ಅನುಮಾನ ಬಂದದ್ದು ಹೇಗೆ? ಅದರ ಬುಡ ಮನೆಯಲ್ಲಿದೆ. ಇವರ ಯಜಮಾನರು ಟ್ಯಾಕ್ಸಿ ಓಡಿಸುತ್ತಾರೆ. ಎರಡು ವರ್ಷದ ಹಿಂದೆ, ಹೆಂಡತಿಯೇ ಪರೀಕ್ಷೆ ಮಾಡಿದ ಮಾದರಿ ಎಂಬ ಧೈರ್ಯದಲ್ಲಿ ಇದೇ ಕಂಪನಿಯ ಕಾರು ತಂದರು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ತಾನಾಗಿ ಆರುತ್ತದೆ, ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಓಟದ ಬಲ ಬ್ಯಾಟರಿಗೆ ಸೇರುತ್ತದೆ, ಟೈರು ರಸ್ತೆಗೆ ಅಷ್ಟಾಗಿ ಅಂಟದೆ ಹಗುರಾಗಿ ಉರುಳುತ್ತದೆ. ಎಲ್ಲವೂ ನಿಜ. ಆದರೆ ಸ್ಟಿಕ್ಕರಿನ ಅಂಕಿಗೂ ಕಾರು ಕುಡಿಯುವ ಪೆಟ್ರೋಲಿಗೂ ತಾಳೆಯೇ ಆಗಲಿಲ್ಲ. ಕುಡಿದದ್ದೆಲ್ಲ ಹೊಗೆಯಾಗಿ ಹೊರಬರಲೇಬೇಕಲ್ಲ. ಟ್ಯಾಂಕು ತುಂಬಿಸಿಕೊಂಡು ಬಂದ ಸಂಜೆಯೆಲ್ಲ ಅಡುಗೆಮನೆ ಬಾಗಿಲಲ್ಲಿ ಒಂದೇ ಮಾತು.

"ಏನೇ, ಇದನ್ನ ನಿಮ್ಮ ಲ್ಯಾಬಿನವರು ಇಳಿಜಾರಲ್ಲಿ ಓಡಿಸಿದ್ರಾ?"

"ನಿಮ್ಮ ಕಾಲು ಭಾರ ರೀ. ಆಕ್ಸಿಲರೇಟರ್ ಮೇಲೆ ನಿಂತ್ಕೊಂಡು ಓಡಿಸ್ತೀರಿ."

"ಇಷ್ಟು ವರ್ಷ ಜನ ಕೂರಿಸ್ಕೊಂಡು ಓಡಿಸಿದೀನಿ. ಒಬ್ಬರಾದ್ರೂ ಮುಂದಿನ ಸೀಟಿಗೆ ಹಣೆ ಹೊಡ್ಕೊಂಡಿದಾರಾ ಕೇಳು."

ಜಗಳ ಬಿಡಿಸುವ ಕೆಲಸ ಅತ್ತೆಯದು. "ಇಬ್ಬರೂ ಬಸ್ಸಲ್ಲಿ ಓಡಾಡಿ. ಹೊಗೆನೂ ಇರಲ್ಲ, ಗಲಾಟೆನೂ ಇರಲ್ಲ." ಇಂಗಾಲದ ಬಗ್ಗೆ ನಾನು ಈ ತಿಂಗಳು ಕೇಳಿದ್ದರಲ್ಲಿ ಅನುಮಾನ ಪಡಲಾಗದ ಮಾತು ಇದೊಂದೇ.

ರಜೆಯ ದಿನವೊಂದು ಬೆಣ್ಣೆಗಾಲಕ್ಕ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು, ಎರಡು ಸೀಟಿನ ಸಂದಿಯಿಂದ ಗಂಡನ ಪಾದವನ್ನೇ ನೋಡುತ್ತ ಇಡೀ ದಿನ ಸುತ್ತಿದರು. "ಪ್ಯಾಸೆಂಜರ್ ಹತ್ತಿದಾಗ ಮುಂದೆ ಬರ್ತಿದ್ದೆ, ಇಳಿದ ತಕ್ಷಣ ಹಿಂದೆ. ಅವರಿಗೆ ಸಿಟ್ಟು ನೆತ್ತಿಗೇರಿತ್ತು. ಆದ್ರೆ ಕಾಲು ಮೆತ್ತಗೇ ಇತ್ತು ಸಾರ್. ನನ್ನ ಗಂಡ ಅಂತ ಹೇಳ್ತಿಲ್ಲ." ಹಾಗಾದರೆ ಕಂಪನಿಯವರೇ ಕಿವಿಗೆ ಹೂ ಇಡುತ್ತಿರಬೇಕು ಎಂದುಕೊಂಡರು. ಪರೀಕ್ಷೆಗೆಂದೇ ಸಿಂಗರಿಸಿದ ಕಾರು ಕಳಿಸುತ್ತಾರೋ? ಟೈರಿಗೆ ಗಾಳಿ ಜಾಸ್ತಿ ತುಂಬಿದ್ದಾರೋ? ಬ್ಯಾಟರಿಯನ್ನು ಕಂಠಮಟ್ಟ ತುಂಬಿಸಿ ತರುತ್ತಾರೋ? ಒಂದೊಂದನ್ನೂ ತಡಕಿದರು, ಕಾರಿನಡಿ ಮಲಗಿ ನೋಡಿದರು. ಕೊನೆಗೆ ಶೋರೂಮಿನಿಂದ ಲ್ಯಾಬಿನವರೇ ಆರಿಸಿ ತಂದ ಕಾರನ್ನು ಓಡಿಸಿದರೂ ಅದೇ ಅಂಕಿ ಬಂತು. ಏನೂ ಸಿಗಲಿಲ್ಲ.

ಸಿಕ್ಕಿದ್ದು ಕಾಯದೇ ಇದ್ದ ಹೊತ್ತಿನಲ್ಲಿ. ಈ ಹೊಸ ಕಾರಿಗೆ ಸಿಹಿ ಹಂಚಿದ ಕೆಲವೇ ದಿನಕ್ಕೆ, ಮಂಡಿನೋವೆಂದು ಇವರು ಓಡಿಸದೆ ಗಾಜಿನ ಆಚೆ ಕೂತಿದ್ದರು. ರೋಲರಿನ ಮೇಲೆ ಇನ್ನೊಬ್ಬ ಚಾಲಕ, ಯಜಮಾನರ ಟ್ಯಾಕ್ಸಿಯದೇ ಮಾದರಿಯ ಕಾರು. ಆತ ಓಡಿಸಿದಾಗೆಲ್ಲ ಅಂಕಿ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಇನ್ನೂ ಪಳಗಿಲ್ಲ, ಬಿಡಿ ಎಂದು ಎಲ್ಲರೂ ತಳ್ಳಿಹಾಕುತ್ತಿದ್ದರು. "ನಾನು ಸುಮ್ನೆ ಪರದೆ ನೋಡ್ತಾ ಕೂತಿದ್ದೆ ಸಾರ್. ಆದ್ರೆ ನನ್ನ ಕಾಲು ಸುಮ್ನಿರಲಿಲ್ಲ, ಅದೂ ಓಡಿಸ್ತಾ ಇತ್ತು. ಗೆರೆ ಇಳಿಯೋದು ಇನ್ನೂ ದೂರ ಇದೆ, ಅವನ ಕಾಲು ಒತ್ತೇ ಇದೆ, ನನ್ನ ಬೆರಳು ಆಗ್ಲೇ ಮೇಲೆದ್ದಿದೆ. ಗೆರೆ ಏರೋವಾಗ ಅವನು ಒತ್ತಿ ಆಯ್ತು, ನನ್ನದು ಇನ್ನೂ ಯೋಚನೆ ಮಾಡ್ತಿದೆ."

ಅರ್ಥ ಇಷ್ಟೇ. ಇಷ್ಟು ವರ್ಷ ಇವರು ಗೆರೆಯ ಮೇಲೆ ಓಡಿಸುತ್ತಲೇ ಇರಲಿಲ್ಲ, ಕೆಳಗಿನ ಅಂಚಿನ ಮೇಲೆ ಓಡಿಸುತ್ತಿದ್ದರು. ಏರುವಾಗ ತುಸು ತಡ, ಇಳಿಯುವಾಗ ತುಸು ಮುಂಚೆ, ತುದಿಯಲ್ಲಿ ತುಸು ಕಡಿಮೆ. ಕಾಲು ಮುಂಚೆಯೇ ಎತ್ತಿದರೆ ಎಂಜಿನ್ನಿಗೆ ಪೆಟ್ರೋಲ್ ನಿಲ್ಲುತ್ತದೆ, ಬ್ಯಾಟರಿಗೆ ನಾಲ್ಕು ಹನಿ ಕರೆಂಟು ಜಾಸ್ತಿ ಸೇರುತ್ತದೆ. ಚುಕ್ಕಿ ಅಂಚು ದಾಟುವುದಿಲ್ಲವಾದ್ದರಿಂದ ನಿಯಮ ಮುರಿದಂತಲ್ಲ. ಆದರೆ ಸ್ಟಿಕ್ಕರಿನ ಮೇಲೆ ಬೀಳುತ್ತಿದ್ದದ್ದು ಕಾರಿನ ಗುಣವಷ್ಟೇ ಅಲ್ಲ, ಈ ಕಾಲಿನ ಗುಣವೂ ಹೌದು.

"ನಿಯಮ ಮೀರಿಲ್ಲವಲ್ಲಮ್ಮ, ಯಾಕೆ ತಲೆ ಕೆಡಿಸ್ಕೋತೀರಿ ಅಂದ್ರು ಸಾರ್ ನಮ್ಮ ಲ್ಯಾಬಿನವರು. ಮೀರಿಲ್ಲ ನಿಜ. ಆದ್ರೆ ರಸ್ತೆ ಮೇಲೆ ನನ್ನ ಹಾಗೆ ಓಡಿಸಿದ್ರೆ ಹಿಂದಿನವರು ಹಾರ್ನ್ ಹೊಡೆದು ಕಿವಿ ತೂತು ಮಾಡ್ತಾರೆ. ಯಾರೂ ಓಡಿಸದ ಹಾಗೆ ಓಡಿಸಿ, ಎಲ್ಲರಿಗೂ ಇಷ್ಟೇ ಬರುತ್ತೆ ಅಂತ ಅಂಟಿಸೋದು ಯಾವ ನ್ಯಾಯ?" ಇಷ್ಟು ಹೇಳಿ ಸ್ವಲ್ಪ ಹೊತ್ತು ಬೂಟಿನ ದಾರದ ಜೊತೆ ಆಡುತ್ತಾರೆ. "ಕಂಪನಿಯವರು ಬಂದಾಗೆಲ್ಲ ಆ ಅಕ್ಕನೇ ಬೇಕು ಅಂತಿದ್ರು. ನಾನು ಚೆನ್ನಾಗಿ ಓಡಿಸ್ತೀನಿ, ಅದಕ್ಕೇ ಕೇಳ್ತಾರೆ ಅಂತ ಉಬ್ಬಿಹೋಗಿದ್ದೆ. ಅವರಿಗೆ ಬೇಕಿದ್ದದ್ದು ಇದು ಅಂತ ಗೊತ್ತಾದಾಗ ಅಳು ಬಂತು ಸಾರ್. ಸುಳ್ಳು ಹೇಳಲ್ಲ, ಬಾತ್‌ರೂಮಿಗೆ ಹೋಗಿ ಅತ್ತೆ."

ಕಂಪನಿಗೆ ಇದು ಗೊತ್ತಿತ್ತೇ? ನಾನು ಕೈ ಕಟ್ಟಿ ನಿಂತವರನ್ನೇ ಕೇಳುತ್ತೇನೆ. "ಒಳ್ಳೇ ಚಾಲಕರನ್ನ ಕೇಳೋದು ತಪ್ಪಾ?" ಎಂದು ಅವರು ನನಗೇ ಪ್ರಶ್ನೆ ಹಾಕುತ್ತಾರೆ. ಆಮೇಲೆ ದನಿ ತಗ್ಗಿಸಿ, "ಇದರ ಹಿಂದೆ ಬೇರೆ ಕಂಪನಿಯವರ ಕೈ ಇದೆ. ನೀವು ಅದನ್ನ ಹುಡುಕಿ ಬರೀರಿ" ಎನ್ನುತ್ತಾರೆ. ಹುಡುಕಬಾರದು ಎಂದೇನಿಲ್ಲ. ಆ ಹೊತ್ತಿಗೆ ನನಗೆ ಮುಖ್ಯಸ್ಥರ ಮೇಲೂ ಅನುಮಾನ, ಕಂಪನಿಯವರ ಮೇಲೂ ಅನುಮಾನ, ಅಕ್ಕನ ಕಣ್ಣೀರಿನ ಮೇಲೂ ಚೂರು ಅನುಮಾನ.

ಪರೀಕ್ಷೆ ಶುರುವಾಗುತ್ತದೆ. ಫ್ಯಾನು ಮೊರೆಯುತ್ತದೆ, ರೋಲರು ತಿರುಗುತ್ತದೆ, ಕಾರು ನಿಂತಲ್ಲೇ ಊರೆಲ್ಲ ಸುತ್ತಲು ಹೊರಡುತ್ತದೆ. ಗಾಜಿನೊಳಗಿಂದ ನನಗೆ ಕಾಣುವುದು ಅವರ ಕೆನ್ನೆ ಮತ್ತು ಕಚ್ಚಿಹಿಡಿದ ದವಡೆ. ಪರದೆಯ ಮೇಲೆ ಚುಕ್ಕಿ ಮೊದಲ ಏರಿನಲ್ಲೇ ತಡವರಿಸುತ್ತದೆ. ಇಷ್ಟು ವರ್ಷದ ರೂಢಿ, ಕಾಲು ಹಳೇ ದಾರಿಗೇ ಎಳೆಯುತ್ತಿದೆ. ಇಳಿಯುವ ಕಡೆ ಚುಕ್ಕಿ ಮತ್ತೆ ಕೆಳಗೆ ಜಾರಲು ನೋಡುತ್ತದೆ. ಅವರು ಕಾಲನ್ನು ಎತ್ತದೆ ಹಿಡಿಯುತ್ತಾರೆ, ಗೆರೆ ಇಳಿದ ಮೇಲೆಯೇ ಬಿಡುತ್ತಾರೆ. ಅಲ್ಲಿಂದ ಚುಕ್ಕಿ ಗೆರೆಗೆ ಅಂಟಿಕೊಳ್ಳುತ್ತದೆ. ಮುಖ್ಯಸ್ಥರು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಾರೆ. ಕೊನೆಯ ದೊಡ್ಡ ಏರಿನಲ್ಲಿ ಎಂಜಿನ್ನಿನ ದನಿ ಗಟ್ಟಿಯಾದಾಗ ಕಂಪನಿಯವರು "ಸಾಕು, ಸಾಕು" ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಒಳಗಿರುವವರಿಗೆ ಅದು ಕೇಳಿಸುವುದಿಲ್ಲ.

ಯಂತ್ರ ಹೊಗೆಯ ಚೀಲಗಳನ್ನು ಅಳೆಯತೊಡಗುತ್ತದೆ. ಬೆಣ್ಣೆಗಾಲಕ್ಕ ಒಳಬಂದು ಗೋಡೆಗೆ ಒರಗಿ ನಿಲ್ಲುತ್ತಾರೆ. ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿದೆ. ಪರದೆಯ ಮೇಲೆ ಅಂಕಿ ಮೂಡುತ್ತದೆ. ನೂರೆರಡು.

"ಬೇಕಂತಲೇ ಜಾಸ್ತಿ ಒತ್ತಿದಾರೆ" ಎನ್ನುತ್ತಾರೆ ಕಂಪನಿಯವರು. ನನ್ನ ಮನಸ್ಸಿಗೂ ಅದೇ ಮಾತು ಬಂದಿತ್ತು. ಮುಖ್ಯಸ್ಥರು ಓಡಿದ ದಾರಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತಾರೆ. ಮೊದಲ ಏರಿನ ತಡವರಿಕೆ ಬಿಟ್ಟರೆ ಗೆರೆಯ ಮೇಲೆ ಗೆರೆ, ಎರಡಿವೆ ಎಂದು ಗೊತ್ತಾಗುವುದೇ ಇಲ್ಲ. ಕಂಪನಿಯವರು ಬಗ್ಗಿ ನೋಡಿ, ನೆಟ್ಟಗೆ ನಿಂತು, ಮತ್ತೆ ಬಗ್ಗಿ ನೋಡುತ್ತಾರೆ. ಅಲ್ಲಿ ಹುಳುಕು ಹುಡುಕಲು ಜಾಗವಿಲ್ಲ.

ಆಗ ಅವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಗುತ್ತದೆ. "ಒಂದು ಕೆಲಸ ಮಾಡೋಣ. ಮೆಷಿನ್ನಲ್ಲೇ ಏನೋ ದೋಷ ಇತ್ತು ಅಂತ ಎರಡೂ ಪರೀಕ್ಷೆ ರದ್ದು ಮಾಡಿ. ಯಾರ ಮೇಲೂ ಮಾತು ಬರಲ್ಲ. ಮುಂದಿನ ತಿಂಗಳು ಮೇಡಮ್ಮೇ ಓಡಿಸಲಿ, ಯಾವಾಗಲೂ ಓಡಿಸೋ ಹಾಗೆ." ಮುಖ್ಯಸ್ಥರು ಅಕ್ಕನ ಮುಖ ನೋಡುತ್ತಾರೆ. ಅವರು ಕೆಟ್ಟವರಲ್ಲ. ಹಳೇ ಉದ್ಯೋಗಿಯ ಸೀಟು ಉಳಿಸುವ ದಾರಿ ಕಂಡಿತೆಂಬ ಸಮಾಧಾನ ಅವರ ಕಣ್ಣಲ್ಲಿ ಇದೆ. ಒಪ್ಪಿಕೊಂಡುಬಿಡಿ ತಾಯಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

"ಮೆಷಿನ್ ಸರಿಯಾಗಿದೆ ಸಾರ್" ಎನ್ನುತ್ತಾರೆ ಬೆಣ್ಣೆಗಾಲಕ್ಕ, ಕಡ್ಡಿ ಮುರಿದಂತೆ. "ಮೊದಲನೇ ಸಲನೂ ಸರಿಯಾಗೇ ಇತ್ತು. ಕಾಲು ನನ್ನದು. ಹಾಗೇ ಬರೀರಿ."

ಹಾಗೇ ಬರೆದರು. ನಿಯಮದ ಪ್ರಕಾರ, ಪರೀಕ್ಷೆಯ ಕೋಣೆಗೆ ಹೋಗಲು ಬೇಕಾದ ಕೊರಳ ಕಾರ್ಡನ್ನು ಅವರು ಅಲ್ಲೇ ಬಿಚ್ಚಿ ಕೊಡಬೇಕಾಯಿತು. ಹಿಂದೆ ಓಡಿಸಿದ ಕಾರುಗಳನ್ನು ಹೊರಗಿನವರು ಬಂದು ಮತ್ತೆ ನೋಡುತ್ತಾರೆ. ಎಷ್ಟು ತಿಂಗಳು ಎಂದು ಯಾರಿಗೂ ಗೊತ್ತಿಲ್ಲ, ಆಮೇಲೆ ಸೀಟು ಸಿಗುತ್ತದೆಂಬ ಮಾತನ್ನೂ ಯಾರೂ ಕೊಟ್ಟಿಲ್ಲ. ಕಂಪನಿಯವರು, ಇವರು ಇರುವ ಲ್ಯಾಬಿಗೆ ಇನ್ನು ಕಾರು ಕಳಿಸುವುದಿಲ್ಲ ಎಂದು ಹೇಳಿ ಹೊರಟರು. ಬೇರೆಡೆ ಬೇರೊಂದು ಮೆತ್ತನೆಯ ಕಾಲು ಅವರಿಗೆ ಸಿಗುವುದಿಲ್ಲವೆಂದು ನಾನಂತೂ ನಂಬುವುದಿಲ್ಲ.

ಶೆಡ್ಡಿನ ಹೊರಗಿನ ಮೆಟ್ಟಿಲ ಮೇಲೆ ಅವರು ಬೂಟು ಬಿಚ್ಚಿ, ಮಂಡಿ ನೀವಿಕೊಳ್ಳುತ್ತ ಕೂತಿದ್ದಾರೆ. ಬಿಸಿಲು ಈಗ ಸರಿಯಾಗಿ ಏರಿದೆ. ಇಂಥ ಲೇಖನಗಳ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತೇನೆ, ಇನ್ನೇನು ಆಸೆ ಇದೆ ಎಂದು. ಕೇಳಿದ ಮೇಲೆ ನಾಚಿಕೆಯಾಗುತ್ತದೆ.

"ಆ ಸೀಟಲ್ಲಿ ಮತ್ತೆ ಕೂರಬೇಕು ಸಾರ್, ಇನ್ನೇನು" ಎನ್ನುತ್ತಾರೆ. ಬಿಚ್ಚಿದ ಬೂಟನ್ನು ಪಕ್ಕಕ್ಕೆ ಜೋಡಿಸಿಟ್ಟು, ತಾವೇ ಮುಂದುವರಿಸುತ್ತಾರೆ. "ಕೂರಿಸ್ತಾರೋ ಇಲ್ವೋ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಸರಿಯಾಗಿ ಓಡಿಸಿದ್ದು ಇವತ್ತೊಂದು ದಿನ. ನೀವು ನೋಡಿದ್ರಲ್ಲ, ಎಷ್ಟು ಚೆನ್ನಾಗಿ ಓಡಿಸಿದೆ."